ಸಣ್ಣ ಫೈಲು, ದೊಡ್ಡ ಫೈಲು ಮತ್ತು ನನ್ನ ಎರಡು ಕಿವಿಗಳು

ಪಂಚೇಂದ್ರಿಯಗಳಲ್ಲಿ ಯಾವುದಾದರೂ ಒಂದರ ಮೇಲೆ ಪ್ರತಿಯೊಬ್ಬ ಮನುಷ್ಯನಿಗೂ ಗುಟ್ಟಾದ ಹೆಮ್ಮೆಯಿರುತ್ತದೆ ಎಂದು ನನ್ನ ನಂಬಿಕೆ. ನಮ್ಮ ದೊಡ್ಡಪ್ಪನಿಗೆ ಮೂಗಿನ ಮೇಲಿತ್ತು. ಮೂರನೇ ಮನೆಯಲ್ಲಿ ಒಗ್ಗರಣೆ ಬಿದ್ದರೆ ಸಾಕು, ಇಂಗು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಜಗಲಿಯ ಮೇಲೆ ಕುಳಿತೇ ತೀರ್ಪು ಕೊಡುತ್ತಿದ್ದರು. ನನ್ನ ಹೆಂಡತಿ ಭಾಗ್ಯಳಿಗೆ ನಾಲಗೆಯ ಮೇಲೆ. ಅದು ರುಚಿ ನೋಡುವುದಕ್ಕೂ ಸೈ, ರುಚಿ ತೋರಿಸುವುದಕ್ಕೂ ಸೈ. ನನಗೆ ಕಿವಿಯ ಮೇಲೆ. ಇದು ನಾನಾಗಿ ಬೆಳೆಸಿಕೊಂಡ ಹೆಮ್ಮೆಯಲ್ಲ, ಊರಿನವರು ಕಟ್ಟಿದ್ದು. ಕೊಪ್ಪದ ಹಾಲಿನ ಡೇರಿಯಲ್ಲಿ ನಾನು ಕಾರ್ಯದರ್ಶಿ. ಒಂದು ಬೆಳಿಗ್ಗೆ ಒಬ್ಬಾಕೆ ಹಾಲು ಸುರಿಯುತ್ತಿದ್ದಾಗ, ಯಾಕೋ ಏನೋ, "ಅಮ್ಮಾ, ಸದ್ದು ತೆಳ್ಳಗಿದೆ, ನೀರು ಬಿದ್ದಿದೆ" ಎಂದುಬಿಟ್ಟೆ. ಪರೀಕ್ಷೆ ಮಾಡಿದರೆ ನಿಜವೇ ಆಗಿತ್ತು. ಅವತ್ತಿನಿಂದ "ಸೆಕ್ರೆಟ್ರಿ ಕಿವಿ ಬಲು ಚುರುಕು, ಹಾಲು ಬೀಳೋ ಸದ್ದಲ್ಲೇ ನೀರು ಯೋಳ್ಬುಡ್ತಾರೆ" ಎಂದು ಸುತ್ತಮುತ್ತ ಹಬ್ಬಿತು. ಆ ಹಾಲಿನ ಮೇಲೆ ನಾಲೆಯ ಪಾಚಿಯ ಒಂದು ಎಳೆ ಹಸಿರಾಗಿ ತೇಲುತ್ತಿದ್ದುದನ್ನು ನಾನು ಮೊದಲೇ ನೋಡಿದ್ದೆ ಎಂಬುದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಈ ಸುಳ್ಳು ಕೀರ್ತಿ ಕೊಪ್ಪದಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಅದು ಮಂಡ್ಯ ದಾಟಿ ಕೊತ್ತತ್ತಿಯವರೆಗೆ ಹೋಗಿ ನನ್ನ ಮಾವನವರ ಕಿವಿಗೆ ಬಿದ್ದದ್ದೇ ತಾಪತ್ರಯಕ್ಕೆ ಮೂಲ.

ಮಾವ ಸಿದ್ದೇಗೌಡರು ಎಂಬತ್ತರ ಹತ್ತಿರದ ಮನುಷ್ಯ. ಮಗ ಸೊಸೆಯ ಜೊತೆ ತುಂಬಿದ ಮನೆಯಲ್ಲಿದ್ದಾರೆ. ಇವತ್ತಿಗೂ ಗದ್ದೆ ಬದುವಿನ ಮೇಲೆ ಒಂದು ಸುತ್ತು ಹಾಕಿ ಬರದಿದ್ದರೆ ಕಾಫಿ ಇಳಿಯುವುದಿಲ್ಲ. ಭಾಗ್ಯ ಮೂರು ವರ್ಷದ ಮಗುವಾಗಿದ್ದಾಗ ಊರಲ್ಲಿ ಒಂದು ಪೌರಾಣಿಕ ನಾಟಕ ಆಡಿದರಂತೆ. ಅದರಲ್ಲಿ ಮಾವನವರದು ರಾಜನ ಪಾತ್ರ. ಡ್ರಾಮಾ ಮೇಷ್ಟ್ರು ಮೂರು ತಿಂಗಳು ಹಾರ್ಮೋನಿಯಂ ಬಾರಿಸಿ ಹಾಡು ಕಲಿಸಿದ್ದರು. ನಾಟಕದ ಮಾರನೆಯ ದಿನವೇ ಅವರ ತಂದೆ, "ಮೊಕಕ್ಕೆ ಬಣ್ಣ ಬಳ್ಕಂಡು ಕುಣಿಯೋನು ನಮ್ಮನೇಗೆ ಬ್ಯಾಡ" ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಮಾವ ಮತ್ತೆ ರಂಗ ಹತ್ತಲಿಲ್ಲ. ಹೀಗಾಗಿ ಅವರ ಕಲಾಜೀವನವೆಲ್ಲ ಒಂದೇ ರಾತ್ರಿಯದು, ಅದರ ಬಿರುದೂ ಒಂದೇ: ರಾಜನ ಹಾಡು ಮುಗಿದಾಗ ಜನ "ವನ್ಸ್ ಮೋರ್" ಎಂದು ಕೂಗಿದ್ದು, ಇವರು ಇನ್ನೊಮ್ಮೆ ಹಾಡಿದ್ದು. ಈ ಕತೆಯನ್ನು ನಾನು ಮದುವೆಯ ಬೀಗರೂಟದಲ್ಲಿ ಮೊದಲ ಸಲ ಕೇಳಿದೆ. ಆಮೇಲೆ ನಾಮಕರಣಗಳಲ್ಲಿ, ಗೃಹಪ್ರವೇಶಗಳಲ್ಲಿ, ಕಬ್ಬು ಕಡಿಯುವಾಗ, ಒಂದು ಸಲ ಮಂಡ್ಯದ ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಅವರು ಬಾಯಿ ತೆರೆದುಕೊಂಡಿದ್ದಾಗಲೂ ಕೇಳಿದ್ದೇನೆ.

ಈ ಕತೆಗೆ ಊರಲ್ಲಿ ಒಬ್ಬನೇ ಒಬ್ಬ ವಿರೋಧಿ: ಎರಡು ಬೀದಿ ಆಚೆಯ ತಮ್ಮಯ್ಯ. ಮಾವನ ಓರಗೆಯವರು, ಚಡ್ಡಿ ಹಾಕುವ ಕಾಲದ ಸ್ನೇಹಿತರು. ಅದೇ ನಾಟಕದಲ್ಲಿ ರಾಜನ ಹಿಂದೆ ಈಟಿ ಹಿಡಿದು ನಿಲ್ಲುವ ಕಾವಲುಗಾರ, ಮಾತಿಲ್ಲದ ಪಾತ್ರ. ಮಾವ ಕತೆ ತೆಗೆದಾಗಲೆಲ್ಲ ತಮ್ಮಯ್ಯನವರು ಎಲೆ ಅಡಿಕೆ ಉಗಿದು, "ಯಾವ್ ವನ್ಸ್ ಮೋರೂ ಇಲ್ಲ, ಮಣ್ಣೂ ಇಲ್ಲ. ನಾನು ಅಲ್ಲೇ ಇದ್ದೆ ಕಣ್ಲಾ" ಎನ್ನುವರು. ಮಾವ, "ನೀನ್ ಈಟಿ ಇಡ್ಕಂಡ್ ನಿದ್ದೆ ಒಡೀತಿದ್ದೆ" ಎನ್ನುವರು. ಇದು ದಿನವೂ ನಡೆಯುತ್ತಿದ್ದ ಜುಗಲ್‌ಬಂದಿ. ಆದರೆ ಈ ಯುಗಾದಿಯಲ್ಲಿ, ಬೀಗರೆಲ್ಲ ಸೇರಿದ್ದಾಗ, ಮಾತು ಮಾತಿಗೆ ಬೆಳೆದು ಮಾವ "ಸುಳ್ಳ" ಎಂದರು. ತಮ್ಮಯ್ಯ ಟವಲು ಕೊಡವಿಕೊಂಡು ಎದ್ದು ಹೋದರು. ಎರಡು ತಿಂಗಳಾದರೂ ಜಗಲಿಗೆ ಬರಲಿಲ್ಲ. ಮಾವ ಬೆಳಿಗ್ಗೆ ಎರಡು ಲೋಟ ಕಾಫಿ ತರಿಸಿ ಒಂದನ್ನು ಕುಡಿದು ಇನ್ನೊಂದನ್ನು ನೋಡುತ್ತ ಕೂರುತ್ತಾರೆ ಎಂದು ಭಾಗ್ಯಳ ಅತ್ತಿಗೆ ಫೋನಿನಲ್ಲಿ ಹೇಳಿ ಅತ್ತಳು.

ಅಷ್ಟರಲ್ಲಿ ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಕ್ಯಾಸೆಟ್ಟು ಸಿಕ್ಕಿತು. ಯಾರೋ ನೆಂಟರು ತಮ್ಮ ಟೂ ಇನ್ ಒನ್ ಟೇಪ್ ರೆಕಾರ್ಡರನ್ನು ರಂಗದ ಅಂಚಿನಲ್ಲಿಟ್ಟು ಆ ರಾತ್ರಿ ಹಿಡಿದದ್ದು. ಎಲ್ಲರೂ ಮರೆತೇಬಿಟ್ಟಿದ್ದರು. ಮಾವ ನನ್ನನ್ನು ಕರೆಸಿದರು. ಕ್ಯಾಸೆಟ್ಟನ್ನು ಎರಡು ಕೈಯಲ್ಲಿ ಹಿಡಿದು ಕೊಡುತ್ತ, "ಅಳಿಯಂದ್ರೆ, ನಂಗೆ ಕಿವಿ ಮಂದ ಆಗೈತೆ. ನಿಮ್ ಕಿವಿ ಬಲು ಚುರುಕು ಅಂತ ಎಲ್ರೂ ಯೋಳ್ತಾರೆ. ಇದ್ರಲ್ಲಿ ವನ್ಸ್ ಮೋರ್ ಐತೋ ಇಲ್ವೋ ನೀವೇ ಕೇಳಿ ಯೋಳ್ಬುಡಿ. ಇದ್ರೆ ಅವ್ನ್ ಕರ್ಸಿ ಕೇಳುಸ್ತೀನಿ. ಇಲ್ದಿದ್ರೆ…" ಎಂದರು. ಇಲ್ಲದಿದ್ದರೆ ಏನು ಎಂಬುದನ್ನು ಹೇಳಲಿಲ್ಲ. ನಾನು, ಬುದ್ಧಿಯಿರುವವನು ಮಾಡುವ ಹಾಗೆ, "ನನ್ನ ಕಿವಿ ಅಂಥದ್ದೇನಲ್ಲ ಮಾವ" ಎನ್ನಬಹುದಿತ್ತು. "ನಂಗ್ ಬುಡಿ ಮಾವ" ಎಂದೆ.

ಮಳವಳ್ಳಿಯಲ್ಲಿ ಅಮ್ಜದ್ ಭಾಯ್ ಎಂಬ ರೇಡಿಯೊ ರಿಪೇರಿಯವರಿದ್ದಾರೆ. ಈಗ ಮಿಕ್ಸಿ, ಫ್ಯಾನು, ಮೊಬೈಲು ಎಲ್ಲ ಮಾಡುತ್ತಾರಾದರೂ ಹಳೆಯ ಟೇಪ್ ಡೆಕ್ಕೊಂದನ್ನು ಮಗುವಿನ ಹಾಗೆ ಬಟ್ಟೆ ಹೊದಿಸಿ ಇಟ್ಟುಕೊಂಡಿದ್ದಾರೆ. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿ, "ಇದು ಒಂದೇ ಸಲ ಓಡೋದು ಸಾರ್. ಪುಡಿ ಉದುರ್ತಾ ಐತೆ. ಎರಡ್ನೇ ಸಲಕ್ಕೆ ನಾನು ಗ್ಯಾರಂಟಿ ಕೊಡಲ್ಲ" ಎಂದರು. ಒಂದೇ ಸಲ ಓಡಿಸಿದರು, ಓಡುತ್ತಿದ್ದಂತೆ ಕಂಪ್ಯೂಟರಿಗೆ ತುಂಬಿಕೊಂಡರು. ನಾಲ್ಕು ದಿನ ಬಿಟ್ಟು ಹೋದಾಗ ಒಂದು ಪೆನ್ ಡ್ರೈವ್ ಕೈಗಿಟ್ಟರು. ಅದರಲ್ಲಿ ಒಂದೇ ನಾಟಕದ ಎರಡು ಫೈಲು. ಒಂದು ಸಣ್ಣದು, ಎಂಪಿ ತ್ರೀ. ಇನ್ನೊಂದು ಅದರ ಐದರಷ್ಟು ದೊಡ್ಡದು. ಅದಕ್ಕೆ ಅವರು ಹೇಳಿದ ಹೆಸರು ನನಗೆ ಫ್ಲಾಸ್ಕ್ ಎಂದು ಕೇಳಿಸಿತು. ಬಿಸಿ ಆರದಂತೆ ಇಡುತ್ತದಲ್ಲ, ಸರಿಯಾದ ಹೆಸರೇ ಇಟ್ಟಿದ್ದಾರೆ ಎಂದುಕೊಂಡೆ. ಅದು ಫ್ಲಾಸ್ಕ್ ಅಲ್ಲ, ಫ್ಲಾಕ್ ಎಂದು ತಿಳಿಯುವ ಹೊತ್ತಿಗೆ ಎರಡು ವಾರವಾಗಿತ್ತು. ನನ್ನ ಕಿವಿಯ ಚುರುಕನ್ನು ನೀವು ಇಲ್ಲೇ ಅಂದಾಜು ಮಾಡಿದ್ದರೆ ತಪ್ಪಿಲ್ಲ.

"ಎರಡಕ್ಕೂ ಏನು ವ್ಯತ್ಯಾಸ?" ಎಂದೆ.

"ದೊಡ್ಡದು ಪಂಚೆ ಮಡಚಿಟ್ಟ ಹಂಗೆ ಸಾರ್. ಬಿಚ್ಚಿಟ್ಟಿದ್ದಕ್ಕಿಂತ ಜಾಗ ಕಮ್ಮಿ ಹಿಡೀತದೆ, ಬಿಚ್ಚಿದ್ರೆ ಅಷ್ಟೇ ಉದ್ದ, ಒಂದು ದಾರ ಹೋಗಿರಲ್ಲ. ಸಣ್ಣದು ಅಂಚು ಕತ್ತರ್ಸಿದ ಹಂಗೆ. ನಮ್ ಕಿವಿಗೆ ಹೆಂಗೂ ಕೇಳದೆ ಇರೋ ಸದ್ದನ್ನೆಲ್ಲ ಕಂಪ್ಯೂಟರ್ ತೆಗೆದು ಬಿಸಾಕ್ತದೆ."

"ನನ್ನ ಕಿವಿಗೆ ಏನು ಕೇಳಿಸುತ್ತೆ, ಏನು ಕೇಳಿಸಲ್ಲ ಅಂತ ಅದಕ್ಕೆ ಹೇಳಿದೋರು ಯಾರು?"

ಅಮ್ಜದ್ ಭಾಯ್ ನಕ್ಕರು. "ಎಲ್ಲಾ ಗಿರಾಕಿಗಳೂ ಹಿಂಗೇ ಕೇಳ್ತಾರೆ ಸಾರ್. ಈ ಟೇಪಲ್ಲಿ ಇರೋದೇ ಇಷ್ಟು, ಗಾಳಿ ಸದ್ದೇ ಜಾಸ್ತಿ. ಇದಕ್ಕೆ ಸಣ್ಣದಾದ್ರೂ ಒಂದೇ, ದೊಡ್ಡದಾದ್ರೂ ಒಂದೇ. ಆದ್ರೂ ನೀವು ಕೇಳಿ ನೋಡಿ."

ಡೇರಿಯ ಕೆಲಸದಲ್ಲಿ ಬೆಳಿಗ್ಗೆ, ಸಂಜೆ ಜಂಜಾಟ. ಮಧ್ಯಾಹ್ನ ಪೂರ್ತಿ ನಮ್ಮದು. ಅವತ್ತು ಮುದ್ದೆ ಉಂಡವನೇ ಫೋನಿಗೆ ಎರಡೂ ಫೈಲು ಇಳಿಸಿಕೊಂಡು, ಮಗಳು ಬಿಟ್ಟುಹೋಗಿದ್ದ ಬ್ಲೂಟೂತ್ ಸ್ಪೀಕರನ್ನು ಕಿಟಕಿಯ ಮೇಲಿಟ್ಟು ಕುಳಿತೆ. ಮೊದಲು ಸಣ್ಣದು. ನಾನು ಕೇಳಬೇಕಾದದ್ದು ಕೊನೆಯಲ್ಲಿತ್ತು. ಆದ್ದರಿಂದ ಬೆರಳಲ್ಲಿ ಸರಸರ ಮುಂದಕ್ಕೆ ಓಡಿಸಿ ಅಲ್ಲಿಗೇ ಹೋದೆ. ಹಾಡು ಮುಗಿಯಿತು, ಹಾರ್ಮೋನಿಯಂ ನಿಂತಿತು, ಚಪ್ಪಾಳೆ, ಮೈಕಿನ ಕೀರಲು, ಅದರ ಮಧ್ಯದಿಂದ ಒಂದು ಕೂಗು. ಕಟ್! ಕ್ಯಾಸೆಟ್ಟಿನ ಆ ಕಡೆ ಅಲ್ಲಿಗೇ ಮುಗಿದಿತ್ತು. ಮಗುಚಿ ಹಾಕುವಷ್ಟರಲ್ಲಿ ಮುಂದಿನ ದೃಶ್ಯವೇ ಶುರುವಾಗಿದೆ. ಮಾವ ಎರಡನೇ ಸಲ ಹಾಡಿದರೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಆ ಒಂದೇ ಒಂದು ಕೂಗು. ಅದು ನನಗೆ ಸ್ಪಷ್ಟವಾಗಿ ಕೇಳಿಸಿತು: "ವಸಿ ಓರೆ."

ನಮ್ಮ ಸೀಮೆಯವರಲ್ಲದವರಿಗೆ ಹೇಳಬೇಕು. ವಸಿ ಎಂದರೆ ಸ್ವಲ್ಪ. "ವಸಿ ಓರೆಗ್ ಓಗ್ಲಾ" ಎಂದರೆ ಸ್ವಲ್ಪ ಪಕ್ಕಕ್ಕೆ ಸರಿ ಮಾರಾಯ ಎಂದರ್ಥ. ಯಾವನೋ ಹಿಂದಿನ ಸಾಲಿನವನು ಮುಂದೆ ನಿಂತವನಿಗೆ ಹೇಳಿದ ಮಾತು!  ಇದನ್ನು ಮಾವನಿಗೆ ಹೇಳುವುದು ಹೇಗೆ? ಜೀವಮಾನದ ಬಿರುದು "ಸ್ವಲ್ಪ ಜರುಗು" ಎಂಬುದಾಗಿತ್ತು ಎನ್ನಲೇ? ದೊಡ್ಡ ಫೈಲನ್ನು ಒತ್ತಿದೆ. ಚಪ್ಪಾಳೆ, ಕೀರಲು, ಕೂಗು: "ವನ್ಸ್ ಮೋರ್!" ಗಂಟೆ ಹೊಡೆದ ಹಾಗೆ! ನಾನು ಕುಣಿಯುವುದೊಂದು ಬಾಕಿ. ಕಂಪ್ಯೂಟರು ಬಿಸಾಕಿದ್ದು ಏನನ್ನು ಎಂದು ನನಗೆ ಆಗ ಹೊಳೆಯಿತು. ಆ 'ನ್ಸ್', ಆ 'ಮ'ಕಾರ; ಅವೇ ಕೆನೆ. ಸಣ್ಣ ಫೈಲು ಕೆನೆ ತೆಗೆದ ಹಾಲು. ಅದರಲ್ಲಿ ಉಳಿದದ್ದು "ವಸಿ ಓರೆ" ಎಂಬ ನೀರು ಮಾತ್ರ. ಡೇರಿಯವನಿಗೆ ಇದಕ್ಕಿಂತ ಸುಲಭವಾಗಿ ಯಾರೂ ವಿಜ್ಞಾನ ಹೇಳಿಕೊಡಲಾರರು.

ಅಡುಗೆಮನೆಯಿಂದ ಭಾಗ್ಯಳನ್ನು ಕರೆದು ಎರಡನ್ನೂ ಕೇಳಿಸಿದೆ. "ಎರಡೂ ಒಂದೇ ತರ ಅವೆಯಲ್ಲ" ಎಂದಳು. ಪಾಪ, ಎಲ್ಲರಿಗೂ ಕಿವಿ ಇರಬೇಕಲ್ಲ ಎಂದು ಸುಮ್ಮನಾದೆ.

ಮಾರನೆಯ ಮಧ್ಯಾಹ್ನ ಇನ್ನೊಮ್ಮೆ ಖಚಿತಪಡಿಸಿಕೊಳ್ಳೋಣವೆಂದು ಹಾಕಿದರೆ, ದೊಡ್ಡದರಲ್ಲಿ "ವಸಿ ಓರೆ" ಕೇಳಿಸಿತು! ಸಣ್ಣದರಲ್ಲಿ "ವನ್ಸ್ ಮೋರ್". ಫೈಲಿನ ಹೆಸರು ನೋಡಿಕೊಂಡೆ, ಸರಿಯಾಗಿಯೇ ಇತ್ತು. ಹಾಗಾದರೆ ಸತ್ಯ ಕೆನೆಯಲ್ಲಿದೆಯೋ ನೀರಿನಲ್ಲಿದೆಯೋ? ಮೂರನೆಯ ದಿನ ಎರಡರಲ್ಲೂ "ವನ್ಸ್ ಓರೆ" ಎಂದಾಯಿತು. ನಾಲ್ಕನೆಯ ದಿನ ನೆಗಡಿಯಿತ್ತು. ಎರಡರಲ್ಲೂ ಏನೂ ಕೇಳಿಸಲಿಲ್ಲ. ಬಲಗಿವಿ ಒಂದು ಹೇಳಿದರೆ ಎಡಗಿವಿ ಇನ್ನೊಂದು ಹೇಳುತ್ತಿತ್ತು. ಇಷ್ಟು ವರ್ಷ ಒಂದೇ ತಲೆಯ ಮೇಲೆ ಹೊಂದಿಕೊಂಡು ಬಾಳಿದ್ದ ಎರಡು ಕಿವಿಗಳು ಮಾವನ ವಿಷಯದಲ್ಲಿ ಪಾಲು ಕೇಳಲು ನಿಂತಿದ್ದವು.

ಇದಕ್ಕೆ ಸರಿಯಾದ ಪರೀಕ್ಷೆ ಆಗಬೇಕು ಎನಿಸಿತು. ಹಾಲಿನ ಮಾದರಿ ಪರೀಕ್ಷಿಸುವಾಗ ಅದು ಯಾರ ಹಾಲು ಎಂದು ಪರೀಕ್ಷಿಸುವವನಿಗೆ ಗೊತ್ತಿರಬಾರದು. ಗೊತ್ತಿದ್ದರೆ ಕೈ ಬಾಗುತ್ತದೆ. ಹಾಗೆಯೇ ಭಾಗ್ಯ ಅಡುಗೆಮನೆಯಲ್ಲಿ ಕುಳಿತು ತನಗೆ ಬೇಕಾದ ಫೈಲು ಹಾಕುವುದು, ನಾನು ಪರದೆಯ ಈಚೆ ಕಣ್ಣು ಮುಚ್ಚಿ ಕೇಳಿ ದೊಡ್ಡದೋ ಸಣ್ಣದೋ ಹೇಳುವುದು ಎಂದು ಗೊತ್ತುಮಾಡಿದೆ. ಹತ್ತು ಸಲ. ನಾನು ಧ್ಯಾನಕ್ಕೆ ಕುಳಿತವನಂತೆ ಬೆನ್ನು ನೆಟ್ಟಗೆ ಮಾಡಿ ಕೂತು, "ದೊಡ್ಡದು… ಇದು ಸಣ್ಣದು, ಚಪ್ಪಾಳೆ ಒಣಗಿದೆ ನೋಡು… ಆಹಾ, ಇದು ದೊಡ್ಡದು, ಹಾರ್ಮೋನಿಯಂ ಮೆತ್ತಗಿದೆ… ಸಣ್ಣದು…" ಎಂದು ಹತ್ತೂ ಮುಗಿಸಿದೆ. "ಎಷ್ಟು ಸರಿ?" ಎಂದು ಪರದೆ ಸರಿಸಿದರೆ ಭಾಗ್ಯ ಅಲಸಂದೆಕಾಯಿ ಬಿಡಿಸುತ್ತ ಕುಳಿತಿದ್ದಾಳೆ.

"ನಂಗೆ ಕೈ ಬಿಡುವಿರ್ನಿಲ್ಲ ಕಣ್ರಿ. ಹತ್ತು ಸಲಾನೂ ಸಣ್ಣದೇ ಹಾಕ್ದೆ."

"ಹತ್ತು ಸಲಾನೂ?"

"ಊಂ. ಮೆತ್ತಗಿರೋ ಹಾರ್ಮೋನಿ ಯಾವ್ದ್ರಲ್ಲಿ ಬಂತು ಅಂತ ನಂಗೂ ಆಶ್ಚರ್ಯ ಆಯ್ತು."

ಈ ಅವಮಾನವನ್ನು ಅಲಸಂದೆಕಾಯಿಯ ಸಿಪ್ಪೆಯ ಜೊತೆ ಅಲ್ಲೇ ಬಿಟ್ಟು ಅಮ್ಜದ್ ಭಾಯ್‌ಗೆ ಫೋನು ಹಚ್ಚಿದೆ. ವಿಷಯವೆಲ್ಲ ಕೇಳಿ ಅವರು, "ಸಾರ್, ಎದ್ರಲ್ಲಿ ಕೇಳ್ತಾ ಇದೀರ?" ಎಂದರು. ಬ್ಲೂಟೂತ್ ಎಂದೆ. ಆ ಕಡೆ ಒಂದು ನಿಟ್ಟುಸಿರು. "ಅಯ್ಯೋ, ಬ್ಲೂಟೂತ್ ದಾರೀಲಿ ಇನ್ನೊಂದ್ಸಲ ಕತ್ತರ್ಸ್ತದೆ ಸಾರ್. ನೀವು ದೊಡ್ಡದು ಹಾಕಿದ್ರೂ ಅಂಚು ಕತ್ತರ್ಸಿದ್ದೇ ಕೇಳ್ತಾ ಇದೀರ." ನನಗೆ ದುಃಖವೂ ಆಯಿತು, ಸಮಾಧಾನವೂ ಆಯಿತು. ತಪ್ಪು ಕಿವಿಯದಲ್ಲ, ದಾರಿಯದು! ಮರುದಿನವೇ ಮಂಡ್ಯಕ್ಕೆ ಹೋಗಿ, ವೈರಿರುವ, ಹೆಲ್ಮೆಟ್ಟಿನಷ್ಟು ದಪ್ಪದ ಹೆಡ್‌ಫೋನು ತಂದೆ. ಹಾಕಿಕೊಂಡರೆ ಲೋಕವೇ ಬಾಗಿಲು ಮುಚ್ಚಿಕೊಂಡ ಹಾಗೆ. ಎಷ್ಟು ಚೆನ್ನಾಗಿತ್ತೆಂದರೆ ಡೇರಿಗೂ ತೆಗೆದುಕೊಂಡು ಹೋದೆ.

ಅಲ್ಲೇ ಎಡವಟ್ಟಾಯಿತು. ಅವತ್ತು ಸಂಜೆ ಕ್ಯಾನುಗಳನ್ನೆಲ್ಲ ತುಂಬಿಸಿ ಬಾಗಿಲ ಬಳಿ ಸಾಲಾಗಿ ನಿಲ್ಲಿಸಿ, ವ್ಯಾನು ಬರಲು ಇನ್ನೂ ಹೊತ್ತಿದೆ ಎಂದು ಹೆಡ್‌ಫೋನು ಏರಿಸಿದೆ. ವನ್ಸ್ ಮೋರ್, ವಸಿ ಓರೆ, ವನ್ಸ್ ಮೋರ್, ವಸಿ ಓರೆ. ಯಾರೋ ನನ್ನ ತಲೆಯಿಂದ ಹೆಡ್‌ಫೋನನ್ನು ಮುಚ್ಚಳ ತೆಗೆದ ಹಾಗೆ ಎತ್ತಿದರು. ತಿರುಗಿ ನೋಡಿದರೆ ವ್ಯಾನಿನ ಡ್ರೈವರು. ಬೆನ್ನ ಹಿಂದೆ ಅರ್ಧ ಊರು. "ಕಾಲು ಗಂಟೆಯಿಂದ ಆರನ್ ಒಡೀತಾವ್ನಿ ಸೆಕ್ರೆಟ್ರೀ! ಊರ್ ನಾಯಿಗಳೆಲ್ಲ ಬಂದ್ವು, ನೀವೊಬ್ರು ಬರ್ನಿಲ್ಲ. ಕಿವಿ ಗಿವಿ ಓಯ್ತಾ?" ಎಂದ. ಗುಂಪಿನಲ್ಲಿದ್ದ ಹಾಲಿನ ಸಾಕಮ್ಮ, "ಅಂಗನ್ಬ್ಯಾಡ ಕಣಪ್ಪ, ಅವ್ರ ಕಿವಿ ಬಲು ಚುರುಕು. ಆಲಿನ್ ಸದ್ದು ಮಾತ್ರ ಕೇಳುಸ್ತದೆ, ವ್ಯಾನಿಂದು ಕೇಳುಸಾಕಿಲ್ಲ" ಎಂದಳು. ಅವಳು ಹೊಗಳಿದಳೋ ತೆಗಳಿದಳೋ ಇವತ್ತಿಗೂ ಗೊತ್ತಾಗಿಲ್ಲ.

ಮೂರು ವಾರ ಕಳೆಯಿತು. ಮಾವ ದಿನ ಬಿಟ್ಟು ದಿನ ಫೋನು ಮಾಡಿಸುತ್ತಿದ್ದರು. "ಏನಾರ ಗೊತ್ತಾಯ್ತಾ ಅಳಿಯಂದ್ರೆ?" "ಇನ್ನೊಂದೆರಡು ದಿನ ಮಾವ, ಸೂಕ್ಷ್ಮ ಇದೆ." ಸೂಕ್ಷ್ಮ ಎಂಬ ಪದದಲ್ಲಿ ನಾನು ಮೂರು ವಾರ ಅಡಗಿ ಕುಳಿತೆ. ಆದರೆ ಒಳಗೆ ನನಗೆ ಹೆದರಿಕೆ ಶುರುವಾಗಿತ್ತು. "ಇದೆ" ಎಂದರೆ ತಮ್ಮಯ್ಯ ಸುಳ್ಳನಾಗುತ್ತಾರೆ, ಇನ್ನು ಜಗಲಿಗೆ ಬರುವುದಿಲ್ಲ. "ಇಲ್ಲ" ಎಂದರೆ ಮಾವನ ಬಳಿ ಇದ್ದ ಒಂದೇ ಒಂದು ರಾತ್ರಿಯನ್ನು ನಾನು ಕಿತ್ತುಕೊಂಡ ಹಾಗೆ. "ಗೊತ್ತಾಗುತ್ತಿಲ್ಲ" ಎನ್ನೋಣವೆಂದರೆ ನನ್ನ ಕೀರ್ತಿ. ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ಈ ಮೂರರಲ್ಲಿ ಮೂರನೆಯದೇ ನನ್ನನ್ನು ಹೆಚ್ಚು ಕಾಡಿತು.

ಒಂದು ಭಾನುವಾರ ಹೆಡ್‌ಫೋನು ಹಾಕಿ ಕುಳಿತಿದ್ದವನ ಎದುರು ಭಾಗ್ಯ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ನಿಂತಳು. "ಏಳಿ, ಕೊತ್ತತ್ತಿಗೆ ಹೋಗಣ."

"ಇನ್ನೂ ಗೊತ್ತಾಗಿಲ್ಲ ಕಣೇ."

"ಅಲ್ಲ ಕಣ್ರಿ, ಅವತ್ತು ಆ ರಂಗದ ಮೇಲೇ ನಿಂತಿದ್ದ ಮನುಷ್ಯ ನಮ್ಮಪ್ಪನ ಮನೆಯಿಂದ ಎರಡೇ ಬೀದಿ ಆಚೆ ಬದುಕವ್ನೆ. ಅವ್ನನ್ನ ಕೂರ್ಸಿ ಕೇಳೋದು ಬುಟ್ಟು, ಈ ಮಿಷಿನ್ನ ಮೂರು ವಾರದಿಂದ ಕೇಳ್ತಾ ಇದೀರಲ್ಲ, ನಿಮ್ಗೆ ಏನನ್ಬೇಕು?"

ನಾನು ಅಮ್ಜದ್ ಭಾಯ್‌ರನ್ನು ಕೇಳಿದ್ದೆ, ಮಂಡ್ಯದ ಅಂಗಡಿಯವನನ್ನು ಕೇಳಿದ್ದೆ, ಹಾಲು ಹಾಕಲು ಬಂದವರನ್ನೆಲ್ಲ ಕೇಳಿದ್ದೆ. ತಮ್ಮಯ್ಯನವರನ್ನು ಕೇಳಬಹುದೆಂದು ಹೊಳೆದಿರಲಿಲ್ಲ. ಯಾಕೆಂದರೆ ಅವರು ಹೇಳುವುದು ಎಲ್ಲರಿಗೂ ಗೊತ್ತೇ ಇತ್ತಲ್ಲ.

ಕೊತ್ತತ್ತಿಯಲ್ಲಿ ಮಾವ ಜಗಲಿಯ ಮೇಲಿನ ಮಂಚದಲ್ಲಿ, ಒಗೆದ ಪಂಚೆ ಉಟ್ಟು, ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗನಂತೆ ಕುಳಿತಿದ್ದರು. ಭಾಗ್ಯ ಗಾಡಿಯಿಂದ ಇಳಿದವಳೇ ಒಳಗೂ ಬರದೆ ಎರಡು ಬೀದಿ ಆಚೆ ನಡೆದಳು. ಸ್ವಲ್ಪ ಹೊತ್ತಿಗೆ ತಮ್ಮಯ್ಯನವರ ರಟ್ಟೆ ಹಿಡಿದು ಕರೆದುಕೊಂಡು ಬಂದಳು. ಅವರು ಜಗಲಿ ಹತ್ತಲಿಲ್ಲ. ಕೆಳಗೆ ಅಂಗಳದಲ್ಲೇ ಕೋಲೂರಿ, ಮುಖ ಬೇರೆ ಕಡೆ ತಿರುಗಿಸಿ ನಿಂತರು. "ಮಗ್ಳು ಕರೆದ್ಲು ಅಂತ ಬಂದಿವ್ನಿ. ಬ್ಯಾರೆ ಯಾರ್ಗೋಸ್ಕರಾನೂ ಅಲ್ಲ" ಎಂದರು. ಮಾವ ಕೆಮ್ಮಿದರು.

ನಾನು ದೊಡ್ಡ ಸ್ಪೀಕರೊಂದಕ್ಕೆ ವೈರು ಜೋಡಿಸಿ, ಗಂಟಲು ಸರಿ ಮಾಡಿಕೊಂಡು, "ಮಾವ, ಇದ್ರಲ್ಲಿ ಎರಡು ಥರ ಇದೆ. ಒಂದು ಕತ್ತರಿಸಿದ್ದು, ಒಂದು ಮಡಚಿಟ್ಟದ್ದು. ಯಾವ್ದು ಹಾಕ್ಲಿ?" ಎಂದೆ.

"ಜೋರಾಗಿರೋದ್ ಆಕಿ" ಎಂದರು ಮಾವ.

ಹಾಕಿದೆ. ಹಾಡು ಜಗಲಿ ತುಂಬಿತು. ಒಳಗಿಂದ ಸೊಸೆ, ಮೊಮ್ಮಕ್ಕಳು ಬಾಗಿಲಿಗೆ ಬಂದು ನಿಂತರು. ಮಾವ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಕಣ್ಣು ಮುಚ್ಚಿ, ತುಟಿ ಮಾತ್ರ ಆಡಿಸುತ್ತಿದ್ದರು. ನಾನು ಅದೊಂದನ್ನೂ ಸರಿಯಾಗಿ ನೋಡಲಿಲ್ಲ. ಫೋನಿನ ಮೇಲೆ ಓಡುವ ನಿಮಿಷಗಳನ್ನು ನೋಡುತ್ತಿದ್ದೆ. ಬಂತು. ಚಪ್ಪಾಳೆ, ಕೀರಲು, ಕೂಗು, ಕಟ್.

 ಮಾವ ನನ್ನ ಕಡೆ ನೋಡಿದರು. ನಾನು ಸ್ಪೀಕರಿನ ಕಡೆ ನೋಡಿದೆ. ಆಗ ಅಂಗಳದಲ್ಲಿ ತಮ್ಮಯ್ಯನವರು ಕೋಲನ್ನು ನೆಲಕ್ಕೆ ಕುಟ್ಟಿ, "ಅದು ನಾನು" ಎಂದರು.

"ಏನ್ ನೀನು?" ಎಂದರು ಮಾವ. ಮೂರು ತಿಂಗಳಲ್ಲಿ ಮೊದಲ ಮಾತು.

"ಆ ಧ್ವನಿ ನಂದು ಕಣ್ಲಾ. ಆ ಟೇಪ್ ಡಬ್ಬ ನನ್ ಕಾಲ್ತಾವ್ಲೇ ಮಡಗಿದ್ರಲ್ಲ. ಅವತ್ತು ನಮ್ಮವ್ವ ಬಂದಿತ್ತು. ಯಾವತ್ತೂ ನಾಟಕ ಗೀಟಕ ಅಂತ ಬಂದೋಳಲ್ಲ. ಮಗ ಕಿರೀಟ ಮಡಿಕ್ಕಂಡು ಈಟಿ ಇಡ್ಕಂಡವ್ನೆ, ನೋಡಾಣ ಅಂತ ಬಂದಿತ್ತು. ನೀನು ನನ್ ಮುಂದೆ ಗ್ವಾಡೆ ನಿಂತಂಗ್ ನಿಂತ್ಕಂಡು ಪದ ಆಡ್ತಾ ಇದ್ದೆ. ಅವ್ವ ಆ ಕಡೆ ಈ ಕಡೆ ಕತ್ತು ಚಾಚ್ತಾ ಅವ್ಳೆ, ನಾನ್ ಕಾಣಾಕಿಲ್ಲ. ಮೆಲ್ಲುಗ್ ಏನೋ ಒಂದೆರಡ್ ಸಲ ಅಂದೆ. ನೀನ್ ಕೇಳುಸ್ಕಳ್ನಿಲ್ಲ. ಪದ ಮುಗೀತು. ಇನ್ನಾದ್ರೂ ಅಂತ ಜೋರಾಗಿ ಅಂದೆ, 'ವಸಿ ಓರೆಗ್ ನಿಂತ್ಕಳ್ಲಾ' ಅಂತ."

ನನ್ನ ಎರಡು ಕಿವಿಗಳಲ್ಲಿ ಒಂದು ಗೆದ್ದಿತ್ತು. ಯಾವುದೆಂದು ಹೇಳಲಾರೆ. ಆದರೆ ಮಾವನ ಮುಖ ನೋಡಲಾಗಲಿಲ್ಲ. ಅಂಗೈ ಇನ್ನೂ ಕಿವಿಯ ಹಿಂದೆಯೇ ಇತ್ತು. ತೆಗೆಯುವುದನ್ನು ಮರೆತಿದ್ದರು. "ಅಂಗಾದ್ರೆ ವನ್ಸ್ ಮೋರ್ ಅನ್ನಿಲ್ವಾ?" ಎಂದು ಸಣ್ಣ ಧ್ವನಿಯಲ್ಲಿ ಕೇಳಿದರು.

"ಪೂರಾ ಕೇಳ್ಲಾ ಮೊದ್ಲು!" ಎಂದು ತಮ್ಮಯ್ಯ ಗದರಿದರು. "ನಾನು ವಸಿ ಓರೆ ಅಂದ್ನಾ? ಮುಂದ್ಗಡೆ ಕುಂತಿದ್ದೋರ್ಗೆ ಅದು ಅರ್ದಂಬರ್ದ ಕೇಳಿ, ಯಾರೋ ವನ್ಸ್ ಮೋರ್ ಅಂದ್ರು ಅಂತ ಅವರೂ ಸುರು ಅಚ್ಕಂಡ್ರು. ಆಮ್ಯಾಲೆ ಇಡೀ ಊರೇ ಕೂಗ್ತು, ವನ್ಸ್ ಮೋರ್ ವನ್ಸ್ ಮೋರ್ ಅಂತ. ಸಿಳ್ಳೆ ಏನು, ಟವಲ್ ಬೀಸೋದ್ ಏನು! ನೀನು ಇನ್ನೊಂದ್ ಸಲ ಆಡ್ದೆ." ಇಲ್ಲಿ ಅವರು ಕೋಲನ್ನು ಮತ್ತೆ ನೆಲಕ್ಕೆ ಕುಟ್ಟಿದರು. "ಅಲ್ಲೇ ನಿಂತ್ಕಂಡು ಆಡ್ದೆ ಕಣ್ಲಾ, ಬಡ್ಡೆತ್ತದ್ದೆ! ಒಂದ್ ಇಂಚು ಓರೆಗ್ ಬರ್ನಿಲ್ಲ!"

ಬಾಗಿಲಲ್ಲಿದ್ದ ಮೊಮ್ಮಕ್ಕಳು ಕಿಸಕ್ಕೆಂದರು. ಭಾಗ್ಯ ಸೆರಗು ಬಾಯಿಗೆ ಒತ್ತಿಕೊಂಡಳು, ನಗುವುದಕ್ಕೋ ಅಳುವುದಕ್ಕೋ ತಿಳಿಯಲಿಲ್ಲ. "ಹಂಗಾದ್ರೆ ಚಿಕ್ಕಪ್ಪ, ಇಷ್ಟು ವರ್ಷ ಇಲ್ಲ ಇಲ್ಲ ಅಂತ ಯಾಕಂದೆ?" ಎಂದು ಕೇಳಿದಳು.

"ಇನ್ನೇನ್ ಮಗ? ಆ ವನ್ಸ್ ಮೋರ್ ಉಟ್ಟಿದ್ದೇ ನನ್ ಬಾಯಿಂದ. ನಮ್ಮವ್ವ ನನ್ ಕಾಣ್ದಂಗೇ ಎದ್ದೋದ್ಲು, ಇವ್ನು ಊರ್ ತುಂಬ ಅದನ್ನೇ ಯೋಳ್ಕಂಡು ತಿರುಗ್ದ. ಅದ್ನ ಇವ್ನಿಗ್ ಕೊಡಾಕಿಲ್ಲ ಓಗು ಅಂತ ಅನ್ನುಸ್ತು."

ಮಾವ ಕಿವಿಯ ಹಿಂದಿದ್ದ ಅಂಗೈಯನ್ನು ಈಗ ಇಳಿಸಿದರು. ಆಮೇಲೆ, "ಆವತ್ತೇ ಯೋಳ್ಬಾರ್ದಿತ್ತೇನ್ಲಾ?" ಎಂದರು.

"ಯೋಳಿದ್ನಲ್ಲ! ಟೇಪಲ್ಲೇ ಐತಲ್ಲ! ನೀನ್ ಓರೆಗ್ ಬಂದ್ಯಾ?"

ಮಾವ ಮಂಚದ ಮೇಲೆ ಕೈಯೂರಿ, ಒಂದು ಮೊಳದಷ್ಟು ಪಕ್ಕಕ್ಕೆ ಸರಿದು ಕುಳಿತರು. ತಮ್ಮಯ್ಯನವರು ಆ ಖಾಲಿ ಜಾಗವನ್ನೇ ಸ್ವಲ್ಪ ಹೊತ್ತು ನೋಡಿದರು. ಕೋಲನ್ನು ಗೋಡೆಗೆ ಆನಿಸಿ, ಜಗಲಿ ಹತ್ತಿ ಬಂದು, ಅಲ್ಲಿ ಕುಳಿತರು. ಸೊಸೆ ಒಳಕ್ಕೆ ಓಡಿದಳು, ಕಾಫಿಗೆ.

ಅವತ್ತು ಮಧ್ಯಾಹ್ನದವರೆಗೆ ಆ ಹಾಡನ್ನು ಏಳೆಂಟು ಸಲ ಹಾಕಿಸಿದರು. ಯಾವುದು ಸಣ್ಣದು, ಯಾವುದು ದೊಡ್ಡದು ಎಂದು ನಾನೂ ನೋಡಲಿಲ್ಲ, ಅವರೂ ಕೇಳಲಿಲ್ಲ. ಮಾವನಿಗೆ ಜ್ಞಾಪಕ ಬಂದು ಎರಡನೇ ಚರಣದಲ್ಲಿ ಡ್ರಾಮಾ ಮೇಷ್ಟ್ರು ತಾಳ ತಪ್ಪಿದ್ದು, ತಮ್ಮಯ್ಯನವರ ಕಿರೀಟ ಜಾರಿ ಕಣ್ಣಿನ ಮೇಲೆ ಬಂದದ್ದು, ಒಂದೊಂದೇ ಹೊರಬಂತು. ಹೊರಡುವಾಗ ಮಾವ ನನ್ನ ಕೈ ಹಿಡಿದು, "ಅಳಿಯಂದ್ರೆ, ನಿಮ್ ಕಿವಿ ನಿಜ್ವಾಗ್ಲೂ ಚುರುಕೇ. ಸೂಕ್ಷ್ಮ ಐತೆ ಅಂತ ಮೊದ್ಲೇ ಅಂದಿದ್ರಿ" ಎಂದರು. ನಾನು ಬೇಡವೆನ್ನಲಿಲ್ಲ. ವನ್ಸ್ ಮೋರೂ ಸರಿ, ವಸಿ ಓರೆಯೂ ಸರಿ. ಅಂದ ಮೇಲೆ ನನ್ನ ಎರಡು ಕಿವಿಗಳೂ ಸರಿ ತಾನೆ? ಎದೆಯುಬ್ಬಿಸಿಕೊಂಡೇ ಗಾಡಿ ಹತ್ತಿದೆ.

ನಾಲೆಯ ಏರಿಯ ಮೇಲೆ ಬರುತ್ತಿದ್ದೆವು. ಎರಡು ಕಡೆಯೂ ನಾಟಿ ಹಾಕಿದ ಗದ್ದೆ, ತಣ್ಣನೆಯ ಗಾಳಿ. ಹಿಂದೆ ಕುಳಿತಿದ್ದ ಭಾಗ್ಯ ಏನೋ ಗುನುಗುತ್ತಿದ್ದಳು. ನಿಧಾನಕ್ಕೆ ಏರಿ, ಒಂದು ಕಡೆ ತಡೆದು ನಿಂತು, ಆಮೇಲೆ ಮೆತ್ತಗೆ ಇಳಿಯುವ ರಾಗ. ಎಲ್ಲೂ ಕೇಳಿರದ ಹಾಡು. ಮನಸ್ಸಿಗೆ ಬಹಳ ಹಿತವಾಯಿತು. ಗಾಡಿ ನಿಧಾನ ಮಾಡಿ, ಕತ್ತು ಹಿಂದಕ್ಕೆ ತಿರುಗಿಸಿ, "ಬಲು ಚೆನ್ನಾಗಿದೆಯಲ್ಲೇ, ಯಾವ ಹಾಡು ಅದು?" ಎಂದು ಕೇಳಿದೆ.

ಗುನುಗು ನಿಂತಿತು.

"ಟೇಪಲ್ಲಿ ನಮ್ಮಪ್ಪ ಹಾಡಿದ್ದು ಕಣ್ರಿ" ಎಂದಳು ಭಾಗ್ಯ. ಆಮೇಲೆ ಕೊಪ್ಪ ಬರುವವರೆಗೂ ಅವಳು ಮಾತಾಡಲಿಲ್ಲ. ಕೇಳಿಸಿಕೊಳ್ಳುವುದಕ್ಕೆ ನನಗೂ ಬೇರೇನೂ ಇರಲಿಲ್ಲ, ಗಾಡಿಯ ಸದ್ದೊಂದನ್ನು ಬಿಟ್ಟು.